ನಾನೇ ಕೇಳಿದ ಹಪ್ಪಳ

ಅಪ್ಪ ತಿಪಟೂರಿನಲ್ಲಿ ವಕೀಲರಾಗಿದ್ದ ಆ ದಿನಗಳಲ್ಲಿ ನಮ್ಮ ಮನೆಗೆ ತರಕಾರಿ ಕೊಂಡದ್ದೇ ಕಡಿಮೆ. ಕಕ್ಷಿದಾರರು ಅವರೆಕಾಯಿ, ತೆಂಗಿನಕಾಯಿ, ಹುಣಸೆಹಣ್ಣು ಹೊತ್ತು ತರುತ್ತಿದ್ದರು. ಚೀಲದೊಳಗೆ ಮೊದಲು ಇಣುಕುವ ಹಕ್ಕು ನನ್ನದಾಗಿತ್ತು.

ತೊಂಬತ್ತರ ದಶಕದಲ್ಲಿ ಅಪ್ಪ ಮುನ್ಸಿಫರಾಗಿ ಬೆಳ್ತಂಗಡಿಗೆ ಬಂದ ಮೇಲೆ ಆ ಹಕ್ಕು ಹೋಯಿತು. ಊರಿನ ಯಾರ ಮದುವೆಗೂ ಹೋಗುವ ಹಾಗಿಲ್ಲ, ಯಾರು ಏನು ಕೊಟ್ಟರೂ ಮುಟ್ಟುವ ಹಾಗಿಲ್ಲ. ಪಕ್ಕದ ಮನೆಯವರ ಮಾವಿನಹಣ್ಣನ್ನೂ ಅಮ್ಮ ಕೈಮುಗಿದು ವಾಪಸು ಕೊಟ್ಟಳು. ಜಡ್ಜಾಗುವುದೆಂದರೆ ಬಡವರಾಗುವುದು ಅಂತ ಹತ್ತು ವರ್ಷದ ನನಗೆ ಅನ್ನಿಸಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ, ನಮ್ಮ ಬೀದಿಯ ತಿರುವಿನ ಕಟ್ಟೆಯಲ್ಲಿ ಬ್ಯಾರಿ ಅಜ್ಜಿಯೊಬ್ಬರು ಬಸ್ಸಿಗೆ ಕಾಯುತ್ತಿದ್ದರು. ಅವರ ಚೀಲದಿಂದ ಹಲಸಿನ ಹಪ್ಪಳದ ಘಮ. ಹಳೆಯ ಚಾಳಿ ಬಿಡಬೇಕಲ್ಲ, ಏನಿದೆ ಎಂದು ಕೇಳಿದೆ. ಕೊಕ್ಕಡದ ಐಸಮ್ಮ ಅಂತೆ, ಹಪ್ಪಳ ಮಗಳ ಮನೆಗಂತೆ. ಹಿತ್ತಿಲು ತನ್ನದೆಂದು ಗಂಡನ ತಮ್ಮ ಕೇಸು ಹಾಕಿದ್ದಾನೆ, ಮುಂದಿನ ವಾರ ಇಲ್ಲಿಯ ಕೋರ್ಟಿನಲ್ಲಿ ತೀರ್ಪು ಉಂಟು ಎಂದರು. ನಾನು ಜಡ್ಜರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಕೊಡಿ ಎಂದು ಕೈಚಾಚಿದೆ.

"ತಕ್ಕೊ ಮಗಾ. ಮಕ್ಕಳು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?" ಎಂದು ಒಂದು ಕಟ್ಟು ಕೊಟ್ಟರು.

ಸಂಜೆ ಅಪ್ಪ ಅದನ್ನು ನೋಡಿ ಎಲ್ಲಿಂದ ಬಂತೆಂದು ಕೇಳಿದರು. ಬೇಡಿ ತಂದೆ ಎಂದರೆ ಬೆನ್ನಿಗೆ ಬೀಳುತ್ತಿತ್ತು.

"ಕೊಕ್ಕಡದ ಐಸಮ್ಮಜ್ಜಿ ನಿಮಗೆ ಕೊಡು ಅಂದ್ರು," ಎಂದುಬಿಟ್ಟೆ.

"ನನಗೇ ಅಂದ್ರಾ? ಸರಿಯಾಗಿ ಹೇಳು."

ನಾನು ತಲೆಯಾಡಿಸಿದೆ. ಅಪ್ಪ ಆಮೇಲೆ ಕಾಫಿ ಮುಟ್ಟಲಿಲ್ಲ. ತೀರ್ಪು ಬರೆದಾಗಿತ್ತು, ಆಕೆಯ ಕಡೆಗೇ ಆಗಿತ್ತು, ಇನ್ನು ತಾನು ಅದನ್ನು ಓದುವಂತಿಲ್ಲ ಎಂದು ಅಮ್ಮನ ಹತ್ತಿರ ಹೇಳಿದರು. ಕಾರಣ ಹೇಳಿದರೆ ಮುದುಕಿಯ ಮಾನ ಹೋಗುತ್ತದೆ, ಆದ್ದರಿಂದ ಕೋರ್ಟಿನಲ್ಲಿ ಅದನ್ನು ಎತ್ತುವುದಿಲ್ಲ ಎಂದರು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ ನನ್ನನ್ನು ಕಟ್ಟಿಹಾಕಿತು.

ಕೇಸು ಬೇರೆ ತಾಲೂಕಿನ ಕೋರ್ಟಿಗೆ ಹೋಯಿತು. ಮಳೆಗಾಲದಲ್ಲಿ ಅದೇ ಕಟ್ಟೆಯಲ್ಲಿ ಐಸಮ್ಮಜ್ಜಿ ಮತ್ತೆ ಸಿಕ್ಕಿದರು. ಈಗ ಎರಡು ಬಸ್ಸು ಹಿಡಿದು ವಾಯಿದೆಗೆ ಹೋಗಬೇಕು ಎಂದರು, ನನ್ನ ಶಾಲೆಯ ಬಗ್ಗೆ ವಿಚಾರಿಸಿದರು. ಅಂದಿನಿಂದ ನಾನು ಆ ತಿರುವನ್ನೇ ಬಿಟ್ಟು ಬಳಸು ದಾರಿಯಲ್ಲಿ ಶಾಲೆಗೆ ಹೋಗತೊಡಗಿದೆ.

ಅಪ್ಪ ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದ ದಿನ ಬೀಳ್ಕೊಡುಗೆಯ ಭಾಷಣದಲ್ಲಿ, ಹೆಸರು ಹೇಳದೆ, ಇದೇ ಪ್ರಸಂಗ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತ ನಾನೂ ತಟ್ಟಿದೆ.

ಈಗ ಅಪ್ಪನಿಲ್ಲ. ತಪ್ಪೊಪ್ಪಿಕೊಳ್ಳಲು ಉಳಿದದ್ದು ಒಂದೇ ಮನೆ ಎಂದು ಹೋದ ವರ್ಷ ಕೊಕ್ಕಡ ಹುಡುಕಿಕೊಂಡು ಹೋದೆ. ಕೇಸು ಮುಗಿಯುವ ಮೊದಲೇ ಐಸಮ್ಮಜ್ಜಿ ತೀರಿಕೊಂಡಿದ್ದರು. ಹಿತ್ತಿಲು ಮೈದುನನ ಮಕ್ಕಳದಾಗಿದೆ, ಅಲ್ಲೀಗ ರಬ್ಬರ್ ತೋಟ. ಅಜ್ಜಿಯ ಮನೆಯಲ್ಲಿ ಈಗ ಇರುವ ಮಗಳು ಕೂರಿಸಿ ಚಹಾ ಕೊಟ್ಟರು.

"ಆ ಜಡ್ಜರು ಕೇಸು ಎಂತಕ್ಕೆ ಬಿಟ್ರು, ನನ್ನಿಂದ ಎಂತ ತಪ್ಪಾಯ್ತು ಅಂತ ಉಮ್ಮ ಕೊನೆವರೆಗೂ ಕೇಳ್ತಿದ್ರು," ಎಂದರು.

ಚಹಾ ಕುಡಿದು ಮುಗಿಸಿದೆ. ನಾನು ಯಾರೆಂದು ಹೇಳದೆ ಎದ್ದು ಬಂದೆ.