ಸೊಸೆಯ ಆಕಾಶ, ಮಾವನ ಏಣಿ

ಸೂರು ರಿಪೇರಿಯವರ ಸೊಸೆ ಜಂಬಗಾತಿ ಎಂದು ಬೀದಿಯವರೆಲ್ಲ ನಂಬಿದ್ದರು. ಈ ಬರಹಗಾರನೂ ಅದಕ್ಕೆ ತಲೆ ಅಲ್ಲಾಡಿಸಿದವನೇ. ಎದುರಿಗೆ ಎಂಥ ಗಣ್ಯರು ಬಂದರೂ ಆಕೆಯ ದೃಷ್ಟಿ ಅವರ ತಲೆಯ ಮೇಲೆ ತೇಲಿಹೋಗುತ್ತಿತ್ತು. ಆಕೆ ನೋಡುತ್ತಿದ್ದದ್ದು ಆಕಾಶ ಎಲ್ಲೆಲ್ಲಿ ತೆರೆದಿದೆ ಎಂದು. ನಾವು ಆಕೆಯ ಲೆಕ್ಕದಲ್ಲೇ ಇರಲಿಲ್ಲವೆಂದು ಗೊತ್ತಾದ ಮೇಲೆ ಬೇಸರ ಇನ್ನೂ ಹೆಚ್ಚಿತು.

ಆಕೆ ಡ್ರೋನ್ ಹಾರಿಸಲು ಕಲಿತದ್ದೇ ಮಾವನನ್ನು ನೆಲದ ಮೇಲೆ ಉಳಿಸಿಕೊಳ್ಳಲು. ಮೊಣಕಾಲು ಮಾತು ಕೇಳದಿದ್ದರೂ ತಗಡಿನ ಸೂರು ಕಂಡರೆ ಮಾವನ ಕಾಲು ತಾನಾಗಿ ಏಣಿಯ ಕಡೆ ತಿರುಗುತ್ತಿತ್ತು. ಮನೆಯಲ್ಲಿ ಒಪ್ಪಂದವಾಗಿತ್ತು: ಸೋರುವ ಜಾಗವನ್ನು ಡ್ರೋನ್ ಹುಡುಕಬೇಕು, ಮುಚ್ಚುವುದಕ್ಕೆ ಕೆಲಸದವರು ಹತ್ತಬೇಕು. ಡ್ರೋನ್ ಕೈಕೊಟ್ಟರೆ ಮಾತ್ರ ಮಾವ.

ಒಮ್ಮೆ ಅದು ಕೈಕೊಟ್ಟೇಬಿಟ್ಟಿತು. ಇಕ್ಕಟ್ಟಾದ ಓಣಿಯಲ್ಲಿ ಸೊಸೆ ಅವಸರಪಟ್ಟು ಹಾರಿಸಿದಾಗ ಅದು ನಿಂತಲ್ಲಿ ನಿಲ್ಲದೆ ಪಕ್ಕಕ್ಕೆ ಜಾರಿ, ಗೋಡೆಗೆ ಉಜ್ಜಿ ರೆಕ್ಕೆ ಮುರಿದುಕೊಂಡಿತು. ಅದು ರಿಪೇರಿಗೆ ಹೋಗಿದ್ದಾಗಲೇ ಮಾವ ಸೂರಿನಿಂದ ಜಾರಿ, ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯನ್ನು ತಬ್ಬಿಕೊಂಡು ನೇತಾಡಿದರು. ಇಳಿಸಿದ ಮೇಲೆ, “ದೋಣಿ ಗಟ್ಟಿ ಇದೆಯಾ ಅಂತ ನೋಡ್ತಿದ್ದೆ” ಎಂದರು. ಎಲ್ಲರೂ ನಕ್ಕರು. ಸೊಸೆಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ಈಗ ಸೋರುತ್ತಿದ್ದದ್ದು ಒಂದು ಗೋದಾಮು. ಮಾವ ಆಗಲೇ ಏಣಿ ಒರಗಿಸಿದ್ದರು. ಎರಡು ಎತ್ತರದ ಗೋಡೆಗಳ ನಡುವೆ ಡ್ರೋನ್ ಇಟ್ಟ ಸೊಸೆ, ಕೈಯಲ್ಲಿದ್ದ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

“ಏನಂತೆ?” ಎಂದರು ಮಾವ.

“ಹದಿನಾಲ್ಕು ಉಪಗ್ರಹ ಸಿಕ್ಕಿವೆ. ಆದ್ರೂ ಇಲ್ಲಿಂದ ಬೇಡ ಮಾವ.”

“ಹದಿನಾಲ್ಕು ಸಾಲ್ದಾ? ನನ್ನ ಮದುವೆಗೇ ಅಷ್ಟು ಜನ ಬಂದಿರ್ಲಿಲ್ಲ!”

“ಎಲ್ಲಾ ಈ ಸಂದಿ ಮೇಲೇ ಗುಂಪು ಕಟ್ಟಿವೆ. ಒಂದೇ ಮನೆಯವರೆಲ್ಲ ಬಂದು ಸಾಕ್ಷಿ ಹೇಳಿದ ಹಾಗೆ. ನಾಲ್ಕೂ ದಿಕ್ಕಿನಿಂದ ಹೇಳಿದ್ರೇನೆ ತಾನೆಲ್ಲಿದೀನಿ ಅಂತ ಇದಕ್ಕೆ ಸರಿಯಾಗಿ ತಿಳಿಯೋದು. ಸಾಲದ್ದಕ್ಕೆ ಸಿಗ್ನಲ್ ಈ ಗೋಡೆಗಳಿಗೆ ಬಡಿದು ಸುತ್ತಿಕೊಂಡು ಬರುತ್ತೆ. ಇಲ್ಲಿದ್ದುಕೊಂಡು ಅಲ್ಲಿದೀನಿ ಅಂದ್ಕೊಳ್ಳುತ್ತೆ.”

“ನಿನ್ನ ಗಂಡನ ಥರ ಅನ್ನು.”

ಸೊಸೆ ನಗದೆ ಡ್ರೋನ್ ಎತ್ತಿಕೊಂಡು ಲಾರಿ ನಿಲ್ಲುವ ಬಯಲಿಗೆ ನಡೆದಳು. ಅಲ್ಲಿಟ್ಟು ಕಾದಳು. ಗೋದಾಮಿನ ಮ್ಯಾನೇಜರು, ಇಡೀ ದೇಶದ ವ್ಯವಹಾರವೇ ನಿಂತುಹೋದಂತೆ, ಗಡಿಯಾರ ನೋಡಿಕೊಂಡರು. ಮಾವ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, “ನನಗಾದ್ರೆ ಒಂದು ಗಳಿಗೆ ಕೆಲಸ” ಎಂದು ಗಾಳಿಗೆ ಹೇಳಿದರು. ಆಕೆ ಅಲುಗಲಿಲ್ಲ. ಜಾಗದ ಗುರುತು ಓಲಾಡುವುದು ನಿಂತು, ಹೊರಟ ಸ್ಥಳ ದಾಖಲಾಯಿತೆಂದು ಪರದೆ ಹೇಳಿದ ಮೇಲೇ ಹಾರಿಸಿದಳು.

ಡ್ರೋನ್ ಸೂರಿನ ಉದ್ದಕ್ಕೂ ಹೋಗಿ ನೀರಿನ ಟ್ಯಾಂಕಿನ ಹಿಂದೆ ಮರೆಯಾಯಿತು. ಪರದೆ ಕಪ್ಪಾಯಿತು.

“ಮುಗೀತು” ಎಂದು ಮಾವ ಎರಡನೇ ಮೆಟ್ಟಿಲೇರಿದರು.

ಅಷ್ಟರಲ್ಲಿ ಟ್ಯಾಂಕಿನ ಮೇಲೆ ಗುಂಯ್ ಎಂಬ ಸದ್ದು. ಸಂಪರ್ಕ ತಪ್ಪಿದ ಡ್ರೋನ್ ತಾನೇ ಮೇಲೆದ್ದು, ಹೊರಟ ಜಾಗ ನೆನಪಿಟ್ಟುಕೊಂಡು ಬಂದು ಆಕೆಯ ಮುಂದೆ ಮೆತ್ತಗೆ ಕೂತಿತು. ಅದು ತೆಗೆದ ಚಿತ್ರಗಳಲ್ಲಿ ತಿರುಪು ಕಿತ್ತುಹೋಗಿ ತುಕ್ಕು ತಿಂದ ತೂತು ಸ್ಪಷ್ಟವಾಗಿತ್ತು.

“ಅಲ್ಲೇ ಅಂತ ನನಗೆ ಮೊದಲೇ ಗೊತ್ತಿತ್ತು” ಎಂದರು ಮಾವ, ಏಣಿಯ ಮೇಲಿಂದಲೇ. ಆಮೇಲೆ ಆಕಾಶ ನೋಡಿ, ತುಸು ಗಂಭೀರವಾಗಿ ಕೇಳಿದರು: “ಅಲ್ಲಮ್ಮಾ, ನಾನು ಏಣಿ ಮೇಲಿರೋದು ಆ ಉಪಗ್ರಹಗಳಿಗೆ ಕಾಣುತ್ತಾ?”

“ಇಲ್ಲ. ನನಗೆ ಕಾಣುತ್ತೆ. ಇಳೀರಿ.”