ಹನ್ನೊಂದರವರೆಗೆ ಹೊಲ ಬಿಡದವರು

ನೆರೆ ಬರುವ ದಿನ ಮಳೆ ಸುರಿಯುತ್ತಿರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಮ್ಮೂರಿನಲ್ಲಿ ಅಂದು ಚುರುಗುಟ್ಟುವ ಬಿಸಿಲಿತ್ತು. ಮಳೆಯಾದದ್ದು ಮಲೆನಾಡಿನಲ್ಲಿ, ತುಂಬಿದ್ದು ಅಲ್ಲಿಯ ಆಣೆಕಟ್ಟು. ಮುಳುಗಬೇಕಾದವರು ಮಾತ್ರ ಮೇಡ್ಲೇರಿಯ ಆಚೆ ತುಂಗಭದ್ರೆಯ ದಂಡೆಗೆ ಅಂಟಿಕೊಂಡಿದ್ದ ನಾವು. ಎಂಬತ್ತರ ದಶಕದ ಕೊನೆಯ ಒಂದು ಶ್ರಾವಣ ಅದು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆಂದು ಊರಿಗೆ ಬಂದಿದ್ದೆ.

ಆಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಹಿಂದಿನ ಸಂಜೆಯೇ ತಾಲೂಕು ಕಚೇರಿಗೆ ಮುಟ್ಟಿತ್ತೆಂದು ಆಮೇಲೆ ತಿಳಿಯಿತು. ಊರಲ್ಲಿ ಡಂಗುರ ಕೇಳಿಸಿದ್ದು ಮರುದಿನ ಒಂಬತ್ತು ಗಂಟೆಗೆ. ಆ ನಡುವಿನ ಹೊತ್ತೆಲ್ಲ ಸುದ್ದಿ ಯಾರ ಮೇಜಿನ ಮೇಲೆ ಮಲಗಿತ್ತು? ಚಾವಡಿಯಿಂದ ಗುಡಿಯವರೆಗೆ ಡಂಗುರ ಬಡಿದರು; ಕೇಳಿಸಿಕೊಂಡವರು ಮುದುಕರು ಮತ್ತು ಬಾಣಂತಿಯರು. ದುಡಿಯುವವರೆಲ್ಲ ಹೊಲದಲ್ಲಿದ್ದರು. ಜನರನ್ನು ಸಾಗಿಸಲು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದ ಹಿಡಿದು ತಂದ ಎರಡು ಲಾರಿಗಳು ರಸ್ತೆಯಲ್ಲಿ ನಿಂತಿದ್ದವು. ಹಲಗೆಗಳಲ್ಲಿ ಉಳಿದಿದ್ದ ಘಾಟಿಗೆ ಹತ್ತಿದವರೆಲ್ಲ ಸೀನುತ್ತಿದ್ದರು. ಲಾರಿ ಹನ್ನೆರಡಕ್ಕೆ ಹೊರಡುತ್ತದೆ ಎಂದರು, ಮನೆವಾರು ಪಟ್ಟಿ ಹಿಡಿದಿದ್ದ ಅಧಿಕಾರಿ. ಹೊಲಗಳಿಗೂ ಡಂಗುರ ಕಳಿಸಿ ಎಂದು ಕೇಳಿದೆ. ಆದೇಶದಲ್ಲಿ ಇರುವುದು ಊರು, ಹೊಲವಲ್ಲ ಎಂದು ಉತ್ತರ ಬಂತು.

ಅವ್ವ ನದಿಯಂಚಿನ ಹತ್ತಿ ಹೊಲದಲ್ಲಿದ್ದಳು. ಆ ಹೊಲಕ್ಕೂ ಊರಿಗೂ ನಡುವೆ ಒಂದು ಹಳ್ಳ. ಹೊಳೆ ಏರಿದರೆ ನೀರು ಮೊದಲು ಹಳ್ಳದೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಹೊಲ ಒಣಗಿರುವಾಗಲೇ ಊರಿನ ದಾರಿ ಮುಚ್ಚಿಹೋಗುತ್ತದೆ. ನಾನು ಓಡಿದೆ. ಹಳ್ಳದಲ್ಲಿ ಕಣಕಾಲಿನ ಮಟ್ಟದ ಕೆಂಪು ನೀರು ಹೊಳೆಯ ಕಡೆಯಿಂದ ಊರಿನತ್ತ ಹರಿಯುತ್ತಿತ್ತು.

ಹೊಲದಲ್ಲಿ ಅವ್ವನೂ ಸೇರಿ ಹನ್ನೆರಡು ಹೆಂಗಸರಿದ್ದರು. ಅದು ಬೀಜಕ್ಕೆಂದು ಬೆಳೆದ ಹೈಬ್ರಿಡ್ ಹತ್ತಿ. ಮಧ್ಯಾಹ್ನ ಮೊಗ್ಗಿನ ಗಂಡುಭಾಗವನ್ನು ಉಗುರಿನಿಂದ ಬಿಡಿಸಿ, ಗುರುತಿಗೆ ಕೆಂಪು ಕಾಗದ ಸುತ್ತಿ ಬಿಡುತ್ತಾರೆ. ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹನ್ನೊಂದು ದಾಟಿತೋ, ಹಿಂದಿನ ದಿನದ ದುಡಿಮೆಯೆಲ್ಲ ಉದುರಿ ಮಣ್ಣು ಸೇರುತ್ತದೆ. ನಾನು ಏದುಸಿರು ಬಿಡುತ್ತ ವಿಷಯ ಹೇಳಿದೆ. ಯಾರ ಕೈಯೂ ನಿಲ್ಲಲಿಲ್ಲ.

“ಇಂಥಾ ಬಿಸಲಾಗ ಹೊಳಿ ಬರ್ತೈತಂತ ನೋಡವಾ,” ಎಂದಳು ಪಕ್ಕದ ಸಾಲಿನವಳು. “ಎಮ್ಮೆ ಕಲ್ಯಾಕ ಧಾರವಾಡಕ್ಕ ಹೋಗಿ ಹೊಳಿ ಲೆಕ್ಕಾನೂ ಕಲ್ತ ಬಂದಾಳ.”

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. “ನಿನ್ನಿ ಬಿಡಿಸಿಟ್ಟ ಮೊಗ್ಗ ಅದಾವು. ನಾಕ ಸಾಲ ಉಳದಾವು, ಮುಟ್ಟಿಸಿ ಬರ್ತೇವಿ,” ಎಂದಳು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಅವಳ ತೋಳು ಹಿಡಿದು ಎಳೆಯಬೇಕಿತ್ತು. ಅದರ ಬದಲು, ಬೇಗ ಮುಗಿಯಲೆಂದು ಒಂದು ಹಿಡಿ ಹೂ ತೆಗೆದುಕೊಂಡು ನಾಲ್ಕನೆಯ ಸಾಲಿಗೆ ನಿಂತೆ. ಹತ್ತಿ ಹೊಲದಲ್ಲಿ ಬೆಳೆದವರಿಗೆ ಕೆಂಪು ಕಾಗದ ಸುತ್ತಿದ ಮೊಗ್ಗನ್ನು ಹಾಗೇ ಬಿಟ್ಟು ಬರುವುದು ಅಷ್ಟು ಸುಲಭವಲ್ಲ. ಕೊನೆಯ ಮೊಗ್ಗು ಮುಟ್ಟಿ ತಲೆಯೆತ್ತಿದಾಗ ಹಳ್ಳದ ದಂಡೆಯ ಜಾಲಿಗಿಡಗಳು ಅರ್ಧ ಮಾತ್ರ ಕಾಣುತ್ತಿದ್ದವು.

ಹಳ್ಳದಲ್ಲಿ ನೀರು ಸೊಂಟದ ಮಟ್ಟಕ್ಕೆ ಏರಿತ್ತು. ಸೆರಗಿಗೆ ಸೆರಗು ಗಂಟು ಹಾಕಿಕೊಂಡು ಇಳಿದೆವು. ನಡುವೆ ಎಲ್ಲರಿಗಿಂತ ಹಿರಿಯಳ ಕಾಲು ಜಾರಿತು. ಸಾಲು ಪೂರ್ತಿ ಒಂದೇ ಕಡೆ ವಾಲಿತು. ಅವ್ವ ಗಂಟು ಬಿಡದೆ ಜಾಲಿಯ ಕೊಂಬೆಯನ್ನು ಮುಳ್ಳು ಸಮೇತ ಹಿಡಿದಳು. ಆಚೆ ದಡದಲ್ಲಿ ಎಣಿಸಿದೆ: ಹದಿಮೂರು. ಮತ್ತೊಮ್ಮೆ ಎಣಿಸಿದೆ.

ರಸ್ತೆಗೆ ಬಂದಾಗ ನನ್ನ ಕೈಗಡಿಯಾರದಲ್ಲಿ ಹನ್ನೆರಡಕ್ಕೆ ಕಾಲು ಗಂಟೆ ಬಾಕಿಯಿತ್ತು. ಲಾರಿಗಳು ಇರಲಿಲ್ಲ.

ಒದ್ದೆ ಸೀರೆಗಳಲ್ಲಿ ನಡೆದು, ಜನರನ್ನು ಇಳಿಸಿದ್ದ ಎತ್ತರದ ಊರಿನ ಶಾಲೆಯನ್ನು ತಲುಪುವಾಗ ಮೂರು ಗಂಟೆ. ಅಧಿಕಾರಿ ವರಾಂಡದಲ್ಲಿ ಕುಳಿತಿದ್ದರು. ಲಾರಿಯನ್ನು ಹೊತ್ತಿಗೆ ಮೊದಲೇ ಬಿಡಲು ಹೇಳಿದವರು ಯಾರು ಎಂದು ಕೇಳಿದೆ. ಊರು ಪೂರ್ಣ ಖಾಲಿಯಾಗಿತ್ತಲ್ಲ ಎಂದು ಅವರು ಪಟ್ಟಿಯನ್ನು ನನ್ನತ್ತ ತಿರುಗಿಸಿದರು. ನಮ್ಮ ಮನೆಯ ಸಾಲಿನಲ್ಲಿ ಅವ್ವನ ಹೆಸರಿನ ಎದುರು ಗುರುತು ಬಿದ್ದಿತ್ತು. ನನ್ನ ಹೆಸರಿನ ಎದುರೂ. ನಾವು ಹಳ್ಳದಲ್ಲಿದ್ದ ಹೊತ್ತಿನಲ್ಲಿ ಅವರ ಕಾಗದದ ಮೇಲೆ ನಾವು ಶಾಲೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆವು. ಮುಳುಗಿದ್ದರೆ ನಮ್ಮನ್ನು ಹುಡುಕಲು ಯಾರೂ ಬರುತ್ತಿರಲಿಲ್ಲ. ಸುರಕ್ಷಿತವಾಗಿದ್ದವರನ್ನು ಯಾರು ಹುಡುಕುತ್ತಾರೆ?

ಇದನ್ನು ತಿದ್ದಿ ಎಂದೆ. ಹೇಗೂ ಬಂದಿದ್ದೀರಲ್ಲ, ಇನ್ನೇನು ತಿದ್ದುವುದು ಎಂದರು.

ಅವ್ವ ಅಂಗೈಯ ಮುಳ್ಳು ಕೀಳುತ್ತ ಮೆಟ್ಟಿಲ ಮೇಲೆ ಕುಳಿತಿದ್ದಳು. ತಲೆಯೆತ್ತದೆ ಹೇಳಿದಳು: “ಬಂದೇವಿ ಖರೇರಿ. ನೀವ ಕರ್ಕೊಂಡ ಬಂದಿಲ್ಲ. ಅಷ್ಟ ಬರಕೋರಿ.”

ಅಧಿಕಾರಿ ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.