ನಡುರಸ್ತೆಯ ಬಿಳಿ ಗೆರೆ

ಬೊಂಬಾಯಿಗೆ ಬಂದ ಎರಡನೆಯ ತಿಂಗಳಲ್ಲೇ, ರಸ್ತೆಯ ನಡುವೆ ಎಳೆದ ಒಂದು ಬಿಳಿ ಗೆರೆ ನನ್ನ ಮಾನ ಕಳೆಯಿತು. ಆರು ವರ್ಷ ಶಿರಾದಿಂದ ಮಧುಗಿರಿ, ಅಲ್ಲಿಂದ ಕೊರಟಗೆರೆ ಎಂದು ಬಸ್ಸು ಓಡಿಸಿದವನು ನಾನು. ಒಂದು ಕೋಳಿಯನ್ನೂ ತುಳಿದವನಲ್ಲ. ಅಂಥವನನ್ನು ಟ್ಯಾಕ್ಸಿ ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಹಾಡಹಗಲೇ ಗಾಡಿಯಿಂದ ಇಳಿಸಿ, "ನಿನಗೆ ಗಾಡಿ ಕಲಿಸಿದವನು ಯಾರಯ್ಯಾ?" ಎಂದು ಹಿಂದಿಯಲ್ಲಿ ಕೇಳಿದರು. ಉಸ್ತಾದರ ಹೆಸರು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ನನ್ನ ಉಸ್ತಾದರು ಶಿರಾದ ರಹೀಂ ಸಾಬರು. ಬರಗೂರಿನಿಂದ ಬರಿಗಾಲಲ್ಲಿ ಬಂದ ನನ್ನನ್ನು ಬಸ್ಸು ತೊಳೆಯಲು ಇಟ್ಟುಕೊಂಡು, ಕೊನೆಗೆ ಸ್ಟೇರಿಂಗ್ ಕೊಟ್ಟವರು. ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತೇ ಇದೆ. ನಡುವೆ ಒಂದೇ ಗಾಡಿಯ ಅಗಲಕ್ಕೆ ಟಾರು, ಎರಡೂ ಕಡೆ ಮಣ್ಣು, ಆಚೆಗೆ ಹುಣಸೆಮರ. ಆ ಟಾರಿನ ಪಟ್ಟಿಯನ್ನು ಬಿಡದೆ ನಟ್ಟನಡುವೆ ಹೋಗುವವನೇ ಡ್ರೈವರು. ಎದುರಿಗೆ ಇನ್ನೊಂದು ಬಸ್ಸು ಬಂದರೆ ಇಬ್ಬರೂ ಒಂದೊಂದು ಕಡೆಯ ಚಕ್ರ ಮಣ್ಣಿಗೆ ಇಳಿಸಿ, ಕೈ ಎತ್ತಿ, ಹೆಂಡತಿ ಮಕ್ಕಳ ಕ್ಷೇಮ ಕೇಳಿಕೊಂಡು ಮತ್ತೆ ನಡುವಿಗೆ ಏರಬೇಕು. "ಪಟ್ಟಿ ಬುಟ್ಟು ಇಳುದ್ರೆ ನಿನ್ ಕೈಲಿ ಸ್ಟೇರಿಂಗ್ ಕೊಡಾಕಿಲ್ಲ ಕಣ್ಲಾ" ಎಂದು ಉಸ್ತಾದರು ಗದರಿಸಿ ಗದರಿಸಿ ಕಲಿಸಿದ್ದರು.

ಬೋರ್ಡು ನಮ್ಮಲ್ಲಿ ಎಲ್ಲಿತ್ತು? ರಸ್ತೆಗೆ ಅಡ್ಡ ಹೊಂಗೆಸೊಪ್ಪು ಬಿದ್ದಿದ್ದರೆ ಮುಂದೆ ಹಳ್ಳ ಬಂದಿದೆ ಎಂದು ಅರ್ಥ. ಸಾಲಾಗಿ ನಾಲ್ಕು ಕಲ್ಲು ಇಟ್ಟಿದ್ದರೆ ಯಾವುದೋ ಲಾರಿ ಕೆಟ್ಟು ನಿಂತಿದೆ. ಸುಗ್ಗಿಯಲ್ಲಿ ಟಾರಿನ ಮೇಲೆ ಹುರುಳಿಗಿಡ ಹರಡಿದ್ದರೆ ನಿಧಾನಿಸಿ, ಅದರ ಮೇಲೇ ಚಕ್ರ ಹಾಯಿಸಿ ಹೋಗಬೇಕು. ಕಾಳು ಬಿಡಿಸಿಕೊಟ್ಟಿದ್ದಕ್ಕೆ ಹೆಂಗಸರು "ನಿನ್ ಹೊಟ್ಟೆ ತಣ್ಣಗಿರ್ಲಪ್ಪಾ" ಎಂದು ಹರಸುತ್ತಿದ್ದರು. ಅಷ್ಟನ್ನು ಓದಲು ಬಂದರೆ ನಮ್ಮ ಸೀಮೆಯಲ್ಲಿ ಪಾಸು.

ಬೊಂಬಾಯಿಯಲ್ಲಿ ಟ್ಯಾಕ್ಸಿ ಓಡಿಸಬೇಕಾದರೆ ಬಿಲ್ಲಾ ಬೇಕು. ಬಿಲ್ಲಾ ಎಂದರೆ ಎದೆಗೆ ಸಿಕ್ಕಿಸಿಕೊಳ್ಳುವ, ನಂಬರು ಕೊರೆದ ಹಿತ್ತಾಳೆ ತಗಡು. ಆ ಪರೀಕ್ಷೆಯ ದಿನ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅಬ್ಬಾ, ಎಂಥ ರಸ್ತೆ! ನಮ್ಮ ಐದು ಬಸ್ಸು ಒಟ್ಟಿಗೆ ಹೋಗಬಹುದು, ಈ ಅಂಚಿನಿಂದ ಆ ಅಂಚಿಗೆ ಬರೀ ಟಾರು. ನಡುವೆ ಉದ್ದಕ್ಕೂ ಬಿಳಿ ಗೆರೆ. ಪುಣ್ಯಾತ್ಮರು ಇಷ್ಟು ಅಗಲದ ರಸ್ತೆ ಮಾಡಿ ನಡು ಎಲ್ಲಿದೆ ಎಂದು ಡ್ರೈವರಿಗೆ ಗುರುತು ಹಾಕಿಕೊಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ. ಗೆರೆಯನ್ನು ಎರಡು ಚಕ್ರಗಳ ನಡುವೆ ಇಟ್ಟುಕೊಂಡು, ಒಂದು ಬೆರಳು ಆಚೀಚೆ ಆಗದ ಹಾಗೆ ಓಡಿಸಿದೆ. ಉಸ್ತಾದರು ನೋಡಬೇಕಿತ್ತು ಅನ್ನಿಸಿತು. ಎದುರಿನಿಂದ ಬರುತ್ತಿದ್ದ ಕಾರುಗಳು ಬಾಯಿ ಬಡಿದುಕೊಳ್ಳತೊಡಗಿದವು. ಅವರೂ ಕ್ಷೇಮ ಕೇಳುತ್ತಿದ್ದಾರೆಂದು ನಾನು ಕೈ ಎತ್ತಿದೆ.

"ಬಾಜೂಲಾ ಘ್ಯಾ! ಬಾಜೂಲಾ ಘ್ಯಾ!" ಸಾಹೇಬರು ಸೀಟಿನಿಂದ ಅರ್ಧ ಎದ್ದು ಕಿರುಚಿದರು. ಪಕ್ಕಕ್ಕೆ ತಗೋ ಎಂದು ಅದರ ಅರ್ಥ. ಮರಾಠಿಯಲ್ಲಿ ನಾನು ಕಲಿತ ಮೊದಲ ಮಾತು ಅದು.

ಫೇಲಾದೆ. ಇನ್ನೊಂದು ತಿಂಗಳು ಬಿಟ್ಟು ಬರಲು ಹೇಳಿದರು. ಒಂದು ತಿಂಗಳೆಂದರೆ ಅವರಿಗೇನು? ನನಗೆ ಬಡವನಹಳ್ಳಿಯಲ್ಲಿ ಮಗಳು ಹುಟ್ಟಿದ್ದಳು. ಹೆಂಡತಿ ಪುಟ್ಟಮ್ಮ ಹೆರಿಗೆಗೆ ತವರಿಗೆ ಹೋದ ಮೇಲೆಯೇ ನಾನು ಬೊಂಬಾಯಿ ರೈಲು ಹತ್ತಿದ್ದು. ಮಗುವಿನ ಮುಖ ನಾನು ನೋಡಿರಲಿಲ್ಲ. ಮಾವನವರ ಕಾಗದ ಖಡಕ್ಕಾಗಿತ್ತು: ಬಿಲ್ಲೆ ಸಿಕ್ಕಿ, ನಿಮ್ಮದೇ ಅಂತ ಒಂದು ಕೋಣೆ ಆದ ದಿನ ಬನ್ನಿ, ಕಳಿಸಿಕೊಡುತ್ತೇನೆ, ಅಲ್ಲಿಯವರೆಗೆ ತಾಯಿ ಮಗು ಇಲ್ಲೇ ಇರಲಿ. ತಪ್ಪೇನೂ ಬರೆದಿರಲಿಲ್ಲ ಅವರು. ನಾನಿದ್ದದ್ದು ಚಾಳೆಂಬ ವಠಾರದ ಒಂದು ಖೋಲಿಯಲ್ಲಿ ಆರು ಜನರ ಜೊತೆ. ಖೋಲಿ ಎಂದರೆ ಒಂದೇ ಕೋಣೆ. ಅಡುಗೆ, ನಿದ್ದೆ, ಜಗಳ ಎಲ್ಲ ಅದರಲ್ಲೇ. ನಾನು ಓಡಿಸಬೇಕಿದ್ದ ಟ್ಯಾಕ್ಸಿಯ ಮಾಲೀಕರು ಬಿಲ್ಲಾ ಬಂದರೆ ಬೇರೆ ಖೋಲಿ ಕೊಡಿಸುವುದಾಗಿ ಹೇಳಿದ್ದರು. ಹಾಗಾಗಿ ನನ್ನ ಮಗಳಿಗೂ ನನಗೂ ಮಧ್ಯೆ ಇದ್ದದ್ದು ಆ ಬಿಳಿ ಗೆರೆ.

ಊರು ಬಹಳ ನೆನಪಾಗುತ್ತಿತ್ತು. ಬೆಳಿಗ್ಗೆ ಪಾವ್, ಸಂಜೆ ಪಾವ್. ಮುದ್ದೆ ಮುರಿದು ಹುರುಳಿಸಾರಿನಲ್ಲಿ ಅದ್ದಿ ನುಂಗುವುದನ್ನು ಯೋಚಿಸುತ್ತಾ ಪಾವ್ ಚಹಾದಲ್ಲಿ ಅದ್ದಿ ನುಂಗುತ್ತಿದ್ದೆ. ಮಗು ಯಾರ ಹಾಗಿದೆ ಎಂದು ಕಾಗದದಲ್ಲಿ ಮೂರು ಸಲ ಕೇಳಿದ್ದೆ. ಪುಟ್ಟಮ್ಮ ಯಾರ ಕೈಲೋ ಬರೆಸಿದ ಉತ್ತರದಲ್ಲಿ "ಬಂದು ನೋಡುವುದು" ಎಂದು ಮಾತ್ರ ಇತ್ತು. ಅವಳ ಸಿಟ್ಟು ನನಗೆ ಗೊತ್ತಿಲ್ಲವೇ?

ನನ್ನನ್ನು ಕಾಪಾಡಿದವನು ಅದೇ ಖೋಲಿಯಲ್ಲಿದ್ದ ಬಾಳಪ್ಪ, ಬೆಳಗಾವಿ ಕಡೆಯ ಗಿರಣಿ ಕೆಲಸಗಾರ. "ಏ, ಹಿಂಗ ಮಾರಿ ಇಳಿಬಿಟ್ಟು ಕುಂತ್ರ ಬಿಲ್ಲಾ ಬರತೈತೇನು?" ಎಂದು ಅವನು ಸೀಮೆಸುಣ್ಣದಿಂದ ಚಾಳಿನ ಪಡಸಾಲೆಯ ಉದ್ದಕ್ಕೂ ಗೆರೆ ಎಳೆದ. ನಾನು ನೀರಿಗೆ ಹೋಗುವಾಗ ಗೆರೆಯ ಎಡಕ್ಕೆ, ಬಕೆಟ್ಟು ತರುವಾಗ ಮತ್ತೆ ನನ್ನ ಎಡಕ್ಕೆ. ಬಾಗಿಲ ಹತ್ತಿರ ಅಡ್ಡಪಟ್ಟೆ ಬಳಿದು, ಅಲ್ಲಿ ಹೆಂಗಸರು ದಾಟುತ್ತಿದ್ದರೆ ನಾನು ಬಕೆಟ್ಟು ಹಿಡಿದುಕೊಂಡೇ ನಿಲ್ಲಬೇಕು. ಅವನು ಕೆಂಪು ಟವೆಲ್ಲು ಎತ್ತಿದರೆ ನಿಲ್ಲಬೇಕು, ಹಸಿರು ಲುಂಗಿ ಎತ್ತಿದರೆ ಹೊರಡಬೇಕು. ಚಾಳಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ನನ್ನ ಕಾಲು ಕಲಿಯಿತು. ಕೆಂಪು ಚೌಕಟ್ಟಿನ ಬೋರ್ಡುಗಳನ್ನು ಅವನು ಬೀಡಿ ಪೊಟ್ಟಣದ ಹಿಂದೆ ಬರೆದು ತೋರಿಸುತ್ತಿದ್ದ. ಇದು ಶಾಲೆ, ಇದು ತಿರುವು, ಇದು ಹಾರ್ನು ಒತ್ತಬೇಡ. ಹಾರ್ನು ಒತ್ತಬಾರದ ರಸ್ತೆಯೂ ಇರುತ್ತದೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ.

ಎರಡನೆಯ ಸಲ ಅದೇ ಸಾಹೇಬರು. ನಾನು ಗೆರೆಯ ಎಡಕ್ಕೇ ಹೋದೆ, ಕೆಂಪು ದೀಪಕ್ಕೆ ನಿಂತೆ, ಪಟ್ಟೆಯ ಮುಂದೆ ಒಬ್ಬ ಮುದುಕಿ ದಾಟಿ ಮುಗಿಸುವವರೆಗೂ ಕಾದೆ. ನಡುವಿಗೆ ಹೋಗು ಎಂದು ಕೈ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದುಕೊಂಡೆ. ಕೊನೆಗೆ ಅವರು "ಠೀಕ್ ಹೈ" ಎಂದು ಕಾಗದಕ್ಕೆ ರುಜು ಹಾಕಿದರು. ಬಿಲ್ಲಾ ಕೈಗೆ ಬಂದ ದಿನ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಬಾಳಪ್ಪನ ಕಾಲಿಗೆ ಬಿದ್ದೆ. ಅವನು ನಾಚಿಕೊಂಡು ಓಡಿದ.

ಮಾಲೀಕರು ಹೇಳಿದ ಹಾಗೆ ಖೋಲಿ ಕೊಡಿಸಿದರು, ಮುಂದಿನ ವಾರವೇ ಶಿರಾದಲ್ಲಿ ಇಳಿದೆ. ಉಸ್ತಾದರ ಬಸ್ಸು ಮಧುಗಿರಿಗೆ ಹೊರಟು ನಿಂತಿತ್ತು. ಬಡವನಹಳ್ಳಿ ಅದೇ ದಾರಿಯಲ್ಲಿ. ಅವರು ನನ್ನ ಎದೆಯ ಬಿಲ್ಲಾ ಮುಟ್ಟಿ ನೋಡಿ, "ಶಹಬ್ಬಾಸ್ ಬೇಟಾ! ಮಗಳ ಮಕ ನೋಡಾಕ್ ಹೊಂಟಿದ್ದೀಯ, ನೀನೇ ಓಡ್ಸು" ಎಂದು ಸೀಟು ಬಿಟ್ಟುಕೊಟ್ಟರು. ಅದೇ ಸ್ಟೇರಿಂಗ್, ಅದೇ ಹುಣಸೆಮರಗಳು. ಸಂತೋಷಕ್ಕೆ ಕಣ್ಣು ಮಂಜಾಯಿತು. ಒಂದು ಮೈಲಿ ಹೋಗಿರಬೇಕು, ಬಸ್ಸು ಕುಲುಕತೊಡಗಿತು. ಹಿಂದಿನಿಂದ ಒಬ್ಬ ಅಜ್ಜಿ, "ಯಾವನ್ಲಾ ಅವ್ನು, ಹಳ್ಳದಾಗೆ ಓಡುಸ್ತಾವ್ನೆ!" ಎಂದು ಕೂಗಿದಳು.

ನೋಡಿದರೆ, ನನ್ನ ಎಡಚಕ್ರಗಳು ಮಣ್ಣಿನಲ್ಲಿದ್ದವು. ಬಲಕ್ಕೆ ಅರ್ಧ ಟಾರು ಖಾಲಿ ಬಿದ್ದಿತ್ತು. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಉಸ್ತಾದರು ನನ್ನ ಭುಜದ ಮೇಲೆ ಕೈಯಿಟ್ಟರು. "ನಡುಕ್ ಬಾರೋ ಬೇಟಾ. ಯಾರಿಗ್ ಜಾಗ ಬುಡ್ತಾ ಇದ್ದೀಯ? ರಸ್ತೆ ನಮ್ದೇ."

ನಡುವಿಗೆ ಬಂದೆ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಕೈ ತಾನಾಗಿಯೇ ಮತ್ತೆ ಎಡಕ್ಕೆ ಎಳೆಯಿತು. ಮತ್ತೆ ಅಜ್ಜಿ ಬೈದಳು. ಮೂರನೆಯ ಸಲ ನಾನೇ ಬಸ್ಸು ನಿಲ್ಲಿಸಿ, ಸೀಟು ಉಸ್ತಾದರಿಗೆ ಬಿಟ್ಟುಕೊಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವನವರ ಊರಿಗೆ ಪ್ಯಾಸೆಂಜರಾಗಿ ಹೋಗಿ ಇಳಿದೆ. ಪುಟ್ಟಮ್ಮ ಬಸ್ಸಿನ ಹತ್ತಿರಕ್ಕೇ ಎತ್ತಿಕೊಂಡು ಬಂದ ಮಗು ಉಸ್ತಾದರ ಬಿಳಿ ಗಡ್ಡ ನೋಡಿ ನಕ್ಕಿತು, ನನ್ನನ್ನು ನೋಡಿ ಅತ್ತಿತು.

ಈಗ ಆ ಮಗುವಿಗೆ ಐದು ವರ್ಷ. ಚಾಳಿನ ಮಕ್ಕಳ ಜೊತೆ ಮರಾಠಿಯಲ್ಲಿ ಜಗಳವಾಡುತ್ತಾಳೆ, ನಮ್ಮ ಜೊತೆ ಕನ್ನಡದಲ್ಲಿ ಹಟ ಮಾಡುತ್ತಾಳೆ. ನಾವು ಊರಿಗೆ ಹೋದರೆ "ಬೊಂಬಾಯಿಯವರು ಬಂದರು" ಎನ್ನುತ್ತಾರೆ. ಇಲ್ಲಿ ಐದು ವರ್ಷ ದಾಟಿದರೂ ನಾನು, ಮೈಸೂರು ರಾಜ್ಯದವನೆಂದು, "ಮೈಸೂರುವಾಲಾ".

ಹೋದ ಭಾನುವಾರ ಬೆಳಿಗ್ಗೆ ಹೆಂಡತಿ ಮಗಳನ್ನು ಟ್ಯಾಕ್ಸಿಯಲ್ಲಿ ಸಮುದ್ರದ ದಂಡೆಗೆ ಕರೆದುಕೊಂಡು ಹೊರಟೆ. ಅಪರೂಪಕ್ಕೆ ರಸ್ತೆ ಉದ್ದಕ್ಕೂ ಖಾಲಿ. ಪುಟ್ಟಮ್ಮ ಸುಮ್ಮನೆ ಹೊರಗೆ ನೋಡುತ್ತಿದ್ದವಳು, "ಏನೂಂದ್ರೆ, ಯಾರೂ ಇಲ್ವಲ್ಲ, ಒಂದ್ ಸಲ ನಮ್ಮೂರಾಗ್ ಓಡ್ಸೋ ಹಂಗೆ ಓಡ್ಸಿ" ಎಂದಳು. ಅವಳ ದನಿ ಕೇಳಿ ನನಗೆ ಇಲ್ಲ ಎನ್ನಲು ಆಗಲಿಲ್ಲ. ಬಿಳಿ ಗೆರೆಯನ್ನು ಮೆಲ್ಲಗೆ ಎರಡು ಚಕ್ರಗಳ ನಡುವೆ ತಂದುಕೊಂಡೆ. ಎರಡೂ ಕಡೆ ಹುಣಸೆಮರ ಇದ್ದ ಹಾಗೇ ಅನ್ನಿಸಿತು.

ಹಿಂದಿನ ಸೀಟಿನಿಂದ ಮಗಳು ಗಾಬರಿಯಾಗಿ ಎದ್ದು ನಿಂತು ನನ್ನ ಅಂಗಿ ಹಿಡಿದು ಎಳೆದಳು.

"ಅಪ್ಪಾ, ಬಾಜೂಲಾ ಘ್ಯಾ!"

ತಗೊಂಡೆ.